ಬಡ್ತಿ ಸಿಕ್ಕ ನಾಲ್ಕೇ ತಿಂಗಳಿಗೆ ಬಾಗಿಲು: ಬೆರಿ ಫುಟ್‌ಬಾಲ್ ಕ್ಲಬ್‌ನ ಪ್ರಕರಣ

2019ರ ಏಪ್ರಿಲ್ 30ರಂದು ಬೆರಿ ತಂಡ ಟ್ರ್ಯಾನ್ಮಿಯರ್ ರೋವರ್ಸ್ ವಿರುದ್ಧ 1-1ರಲ್ಲಿ ಡ್ರಾ ಮಾಡಿಕೊಂಡು ಇಂಗ್ಲಿಷ್ ಫುಟ್‌ಬಾಲ್‌ನ ನಾಲ್ಕನೇ ದರ್ಜೆಯಿಂದ ಮೂರನೇ ದರ್ಜೆಗೆ ಬಡ್ತಿ ಪಡೆಯಿತು. ಅದೇ ವರ್ಷದ ಆಗಸ್ಟ್ 27ರಂದು ರಾತ್ರಿ ಹನ್ನೊಂದರ ಸುಮಾರಿಗೆ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಆ ಕ್ಲಬ್‌ನ ಸದಸ್ಯತ್ವವನ್ನೇ ಕಿತ್ತುಕೊಂಡಿತು. ಈ ಎರಡು ದಿನಾಂಕಗಳ ನಡುವೆ ಬೆರಿ ಆಡಿದ್ದು ಒಂದೇ ಒಂದು ಲೀಗ್ ಪಂದ್ಯ, ಪೋರ್ಟ್ ವೇಲ್ ವಿರುದ್ಧ. ಅದನ್ನೂ ಸೋಲಲಿಲ್ಲ. 1992ರಲ್ಲಿ ಮೇಡ್‌ಸ್ಟೋನ್ ಯುನೈಟೆಡ್ ಹೊರಬಿದ್ದ ಮೇಲೆ ಹಣದ ಕಾರಣಕ್ಕೆ ಲೀಗ್‌ನಲ್ಲಿ ಜಾಗ ಕಳೆದುಕೊಂಡ ಮೊದಲ ಕ್ಲಬ್ ಇದು. 1894ರಿಂದ, ಅಂದರೆ 125 ವರ್ಷಗಳಿಂದ, ಅದು ಆ ಲೀಗ್‌ನ ಸದಸ್ಯನಾಗಿತ್ತು.

ಸಣ್ಣ ಕ್ಲಬ್ ಮುಳುಗಿದ ಕಥೆಗಳು ಸಾಮಾನ್ಯವಾಗಿ ಸೋಲಿನ ಕಥೆಗಳು. ತಂಡ ಸೋಲುತ್ತದೆ, ಜನ ಬರುವುದು ನಿಲ್ಲುತ್ತದೆ, ಹಣ ಬತ್ತುತ್ತದೆ, ಬಾಗಿಲು ಮುಚ್ಚುತ್ತದೆ. ಬೆರಿಯ ಕಥೆ ಹಾಗಿಲ್ಲ. ಅದು ಗೆಲ್ಲುತ್ತಲೇ ಮುಳುಗಿತು. ಆ ಗೆಲುವಿಗೆ ಹಣ ಎಲ್ಲಿಂದ ಬಂತು ಎಂದು ಕೇಳುತ್ತಾ ಹೋದರೆ ಪ್ರಕರಣ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಊರು, ಮೈದಾನ, ಎರಡು ಕಪ್

ಬೆರಿ ಮ್ಯಾಂಚೆಸ್ಟರ್ ನಗರದ ಉತ್ತರಕ್ಕಿರುವ ಗಿರಣಿ ಊರು. ಇರ್ವೆಲ್ ನದಿಯ ದಡದಲ್ಲಿ ಹತ್ತಿ ಮತ್ತು ಕಾಗದದ ಗಿರಣಿಗಳು ಬೆಳೆದ ಕಾಲದಲ್ಲಿ ಬೆಳೆದದ್ದು. ಪರಂಪರೆಯಿಂದ ಲ್ಯಾಂಕಶೈರ್‌ಗೆ ಸೇರಿದ್ದ ಊರನ್ನು 1974ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಆಡಳಿತಕ್ಕೆ ಸೇರಿಸಿದರು. ಬೆರಿಯವರಲ್ಲಿ ಹಲವರು ಇಂದಿಗೂ ತಮ್ಮನ್ನು ಲ್ಯಾಂಕಶೈರ್‌ನವರೆಂದೇ ಕರೆದುಕೊಳ್ಳುತ್ತಾರೆ. ಇಲ್ಲಿಂದ ಟ್ರಾಮ್ ಹತ್ತಿದರೆ ಮ್ಯಾಂಚೆಸ್ಟರ್‌ನ ಎರಡು ದೈತ್ಯ ಕ್ಲಬ್‌ಗಳು ಒಂದು ಗಂಟೆಯೊಳಗಿನ ದಾರಿ, ಬೋಲ್ಟನ್ ಪಕ್ಕದ ಊರು. ಇಂಥ ನೆರೆಹೊರೆಯಲ್ಲಿ ವಾರ ವಾರವೂ ಸುಮಾರು ನಾಲ್ಕು ಸಾವಿರ ಜನ ಗಿಗ್ ಲೇನ್ ಮೈದಾನಕ್ಕೆ ಬರುತ್ತಿದ್ದರು ಎಂಬುದನ್ನು ಸಣ್ಣ ಸಂಗತಿ ಎನ್ನಲಾಗದು.

ಕ್ಲಬ್ ಹುಟ್ಟಿದ್ದು 1885ರಲ್ಲಿ, ಆಡಲು ಹಿಡಿದದ್ದು ಗಿಗ್ ಲೇನ್. 1894ರಲ್ಲಿ ಲೀಗ್ ಸೇರಿದ ಮೊದಲ ವರ್ಷವೇ ಎರಡನೇ ದರ್ಜೆಯ ಚಾಂಪಿಯನ್ ಆಯಿತು. ಆ ಕಾಲದ ಪದ್ಧತಿಯಂತೆ ಮೇಲಿನ ದರ್ಜೆಯ ಕೊನೆಯ ತಂಡದ ಜೊತೆ ಒಂದು ಪರೀಕ್ಷಾ ಪಂದ್ಯ ಆಡಬೇಕಿತ್ತು. ಬೆರಿ 1-0ಯಿಂದ ಗೆದ್ದು ಮೇಲೇರಿತು, ಸೋತ ತಂಡ ಕೆಳಗಿಳಿಯಿತು. ಸೋತ ತಂಡದ ಹೆಸರು ಲಿವರ್‌ಪೂಲ್. 1900ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ ಫೈನಲ್‌ನಲ್ಲಿ ಸೌತಾಂಪ್ಟನ್ ತಂಡವನ್ನು 4-0ಯಿಂದ, 1903ರಲ್ಲಿ ಡರ್ಬಿ ಕೌಂಟಿಯನ್ನು 6-0ಯಿಂದ ಸೋಲಿಸಿತು. ಆ 1903ರ ಕಪ್ಪಿನುದ್ದಕ್ಕೂ ಬೆರಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಫೈನಲ್‌ನ ಆರು ಗೋಲುಗಳ ಅಂತರವನ್ನು ಇನ್ನೊಂದು ತಂಡ ಸರಿಗಟ್ಟಲು 116 ವರ್ಷ ಬೇಕಾಯಿತು: ಮ್ಯಾಂಚೆಸ್ಟರ್ ಸಿಟಿ, ವ್ಯಾಟ್‌ಫರ್ಡ್ ವಿರುದ್ಧ, 2019ರ ಮೇ ತಿಂಗಳಲ್ಲಿ. ದಾಖಲೆಯನ್ನು ಹಂಚಿಕೊಳ್ಳಬೇಕಾಗಿ ಬಂದ ಆ ಬೇಸಿಗೆಯಲ್ಲೇ ದಾಖಲೆಯ ಮೊದಲ ಒಡೆಯ ಸಂಬಳ ಕೊಡಲಾಗದೆ ಒದ್ದಾಡುತ್ತಿದ್ದ.

1926ರಲ್ಲಿ ಅತ್ಯುನ್ನತ ದರ್ಜೆಯಲ್ಲಿ ನಾಲ್ಕನೇ ಸ್ಥಾನ, 1929ರಲ್ಲಿ ಅಲ್ಲಿಂದ ಹಿಂಬಡ್ತಿ. ಮತ್ತೆ ಆ ಎತ್ತರ ಕಾಣಲಿಲ್ಲ. ಮುಂದಿನದು ಎರಡು, ಮೂರು, ನಾಲ್ಕನೇ ದರ್ಜೆಗಳ ನಡುವೆ ಏರಿಳಿದ ತೊಂಬತ್ತು ವರ್ಷ. 2005ರಲ್ಲಿ ನಾಲ್ಕೂ ದರ್ಜೆಗಳಲ್ಲಿ ತಲಾ ಸಾವಿರ ಗೋಲು ಹೊಡೆದ ಮೊದಲ ಕ್ಲಬ್ ಎಂಬ ಹೆಗ್ಗಳಿಕೆಯೂ ಬಂತು. ಈ ಕೀರ್ತಿ ದಕ್ಕಬೇಕಾದರೆ ಪ್ರತಿ ದರ್ಜೆಯಲ್ಲೂ ಸಾಕಷ್ಟು ವರ್ಷ ಕಳೆದಿರಬೇಕು, ಹಾಗಾಗಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಇದು ಎಂದೂ ಸಿಗದು! ಮರುವರ್ಷವೇ ಅರ್ಹತೆಯಿಲ್ಲದ ಆಟಗಾರನೊಬ್ಬನನ್ನು ಆಡಿಸಿದ ತಪ್ಪಿಗೆ ಎಫ್‌ಎ ಕಪ್‌ನಿಂದ ಹೊರಹಾಕಿಸಿಕೊಂಡಿತು.

ಇಂಗ್ಲೆಂಡಿನ ದೊಡ್ಡ ತಂಡಗಳಿಗೆ ಇಂಥ ಕ್ಲಬ್‌ಗಳು ಕೊಟ್ಟದ್ದು ಕಡಿಮೆಯಿಲ್ಲ. ಮ್ಯಾಂಚೆಸ್ಟರ್ ಸಿಟಿಯ ಇತಿಹಾಸದ ಶ್ರೇಷ್ಠ ಆಟಗಾರರಲ್ಲಿ ಒಬ್ಬರಾದ ಕಾಲಿನ್ ಬೆಲ್ ಆಟ ಶುರುಮಾಡಿದ್ದು ಬೆರಿಯಲ್ಲಿ, 1966ರಲ್ಲಿ ಸಿಟಿಗೆ ಹೋದರು. ಗ್ಯಾರಿ ಮತ್ತು ಫಿಲ್ ನೆವಿಲ್ ಹುಟ್ಟಿದ್ದು ಈ ಊರಿನಲ್ಲಿ. ಅವರು ಆಡಿದ್ದು ಯುನೈಟೆಡ್‌ಗೆ, ಆದರೆ ತಂದೆ ಬೆರಿ ಕ್ಲಬ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದರು, ತಾಯಿ ವರ್ಷಗಟ್ಟಲೆ ಕ್ಲಬ್‌ನ ಕಾರ್ಯದರ್ಶಿಯಾಗಿದ್ದರು.

ಈ ಭಾಗದಲ್ಲಿ ನೆನಪಿಡಬೇಕಾದ ಒಂದು ವರ್ಷವಿದ್ದರೆ ಅದು 1922. ಗಿಗ್ ಲೇನ್ ಇದ್ದ ಜಮೀನು ಡರ್ಬಿಯ ಅರ್ಲ್ ಮನೆತನದ್ದು, ಕ್ಲಬ್ ಅದರ ಗೇಣಿದಾರ. ಆ ವರ್ಷ ಅರ್ಲ್ ಜಮೀನನ್ನು ಕ್ಲಬ್‌ಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರು. ಊರಿನ ಆಟಕ್ಕೆಂದು ಒಬ್ಬ ಜಮೀನ್ದಾರ ಬಿಟ್ಟುಕೊಟ್ಟ ನೆಲ. ಆದರೆ ಕಾಗದದ ಮೇಲೆ ಅದು ಹೋಗಿ ಸೇರಿದ್ದು ಊರಿನ ಹೆಸರಿಗಲ್ಲ, ಒಂದು ಲಿಮಿಟೆಡ್ ಕಂಪನಿಯ ಹೆಸರಿಗೆ. ಕಂಪನಿಯನ್ನು ಕೊಂಡವನು ನೆಲವನ್ನೂ ಕೊಂಡಂತೆ. ಊರವರೆಲ್ಲ ಹರಕೆ ಹೊತ್ತು ತೇರೆಳೆಯುವ ದೇವಸ್ಥಾನದ ಪಹಣಿ ಯಾರೋ ಒಬ್ಬರ ಹೆಸರಿನಲ್ಲಿದ್ದರೆ ಹೇಗೋ ಹಾಗೆ. ಒಳ್ಳೆಯವರು ಇರುವವರೆಗೆ ಯಾರಿಗೂ ಪಹಣಿಯ ನೆನಪಾಗುವುದಿಲ್ಲ.

ಎರವಲು ಹಣದ ರುಚಿ

ಬೆರಿಯನ್ನು 2019ರಲ್ಲಿ ಯಾರೋ ಇಬ್ಬರು ಹೊರಗಿನವರು ಬಂದು ಕೊಂದರು ಎಂದು ಹೇಳುವುದು ಸುಲಭ, ಅಭಿಮಾನಿಗಳಿಗೆ ಸಮಾಧಾನವೂ ಹೌದು. ಆದರೆ ಈ ಕ್ಲಬ್‌ಗೆ ಪರರ ಹಣದ ಚಟ ಅದಕ್ಕಿಂತ ಹಳೆಯದು. 1996 ಮತ್ತು 1997ರಲ್ಲಿ, ಸ್ಟ್ಯಾನ್ ಟರ್ನೆಂಟ್ ತರಬೇತಿಯಲ್ಲಿ, ಬೆರಿ ಬೆನ್ನುಬೆನ್ನಿಗೆ ಎರಡು ಬಡ್ತಿ ಪಡೆದು ಎರಡನೇ ದರ್ಜೆಗೆ ಏರಿತು. ಸಂಭ್ರಮದ ವರ್ಷಗಳವು. ಹಣ ಹಾಕುತ್ತಿದ್ದ ನಿರ್ದೇಶಕರ ಕೈ ಬರಿದಾದಾಗ ಕ್ಲಬ್ಬೂ ಕುಸಿಯಿತು. 1999ರಲ್ಲಿ ಹಿಂಬಡ್ತಿ, 2002ರಲ್ಲಿ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಗೆ ಹಸ್ತಾಂತರ. ಆಗ ಉಳಿಸಿದ್ದು ಅಭಿಮಾನಿಗಳು. ಡಬ್ಬಿ ಹಿಡಿದು ಚಂದಾ ಎತ್ತಿ ಕ್ಲಬ್ಬನ್ನು ದಡ ಮುಟ್ಟಿಸಿದರು.

ಹೀಗೆ ಉಳಿಸಿಕೊಂಡವರು ಮಾಲೀಕತ್ವದ ರಚನೆಯನ್ನೂ ಆಗಲೇ ಬದಲಿಸಬಹುದಿತ್ತು. ಡೆವನ್‌ನ ಎಕ್ಸೆಟರ್ ಸಿಟಿ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 2003ರಲ್ಲಿ, ಅಂಥದ್ದೇ ಗಂಡಾಂತರದಿಂದ ಹೊರಬರುವಾಗ ಅಭಿಮಾನಿಗಳ ಟ್ರಸ್ಟ್‌ನ ಕೈಗೆ ಬಂತು, ಎರಡು ದಶಕಕ್ಕೂ ಹೆಚ್ಚು ಕಾಲ ಅವರ ಕೈಯಲ್ಲೇ ಉಳಿಯಿತು. ಬೆರಿಯಲ್ಲಿ ಹಾಗಾಗಲಿಲ್ಲ. ಚಂದಾ ಕೊಟ್ಟವರು ಗ್ಯಾಲರಿಗೆ ಮರಳಿದರು, ಕಂಪನಿ ಮುಂದಿನ ಶ್ರೀಮಂತನಿಗಾಗಿ ಕಾಯಿತು. ಈ ಪ್ರಕರಣದಲ್ಲಿ ಅತಿ ದುಬಾರಿಯಾಗಿ ಪರಿಣಮಿಸಿದ ನಿರ್ಧಾರ ಇದೇ ಎಂದು ನನಗನ್ನಿಸುತ್ತದೆ. ಅದನ್ನು ಯಾರೂ ನಿರ್ಧಾರವೆಂದು ಭಾವಿಸಿ ತೆಗೆದುಕೊಳ್ಳಲಿಲ್ಲ ಎಂಬುದು ಬೇರೆ ಮಾತು.

ಮುಂದಿನ ಶ್ರೀಮಂತ ಬಂದದ್ದು 2013ರಲ್ಲಿ. ಹೆಸರು ಸ್ಟುವರ್ಟ್ ಡೇ. ವಿದ್ಯಾರ್ಥಿಗಳಿಗೆ ವಸತಿ ಕಟ್ಟಡ ಕಟ್ಟಿಸುವ ಮೆಡರ್ಕೊ ಎಂಬ ಉದ್ಯಮ ಅವರದು. ಅವರು ಬಂದಾಗ ಕ್ಲಬ್ ನಾಲ್ಕನೇ ದರ್ಜೆಗೆ ಇಳಿದಿತ್ತು, ಸಾಲದಲ್ಲಿತ್ತು. 2015ರಲ್ಲಿ ಬಡ್ತಿ ಬಂತು. ಒಳ್ಳೆಯ ಆಟಗಾರರು ಬಂದರು, ಅವರ ಸಂಬಳ ಕ್ಲಬ್‌ನ ಗಳಿಕೆಯನ್ನು ಮೀರಿತು. ನಾಲ್ಕು ಸಾವಿರ ಜನರ ಟಿಕೆಟ್ ಹಣದಲ್ಲಿ ನಡೆಯುವ ಲೆಕ್ಕವಲ್ಲ ಅದು. ಕೊರತೆಯನ್ನು ಡೇ ತಮ್ಮ ಕಂಪನಿಗಳಿಂದ ತುಂಬುತ್ತಿದ್ದರು.

ಇದಕ್ಕೆ ಲೀಗ್‌ನ ನಿಯಮ ಅಡ್ಡಬರಲಿಲ್ಲವೇ? ನಿಯಮವೇನೋ ಇತ್ತು. ಲೀಗ್ ಒನ್‌ನ, ಅಂದರೆ ಮೂರನೇ ದರ್ಜೆಯ, ಕ್ಲಬ್ ತನ್ನ ವಹಿವಾಟಿನ ಶೇ 60ಕ್ಕಿಂತ ಹೆಚ್ಚು ಹಣವನ್ನು ಆಟಗಾರರ ಸಂಬಳಕ್ಕೆ ಖರ್ಚು ಮಾಡುವಂತಿಲ್ಲ, ನಾಲ್ಕನೇ ದರ್ಜೆಯಾದ ಲೀಗ್ ಟೂಗೆ ಇನ್ನೂ ಬಿಗಿಯಾದ ಮಿತಿ. ಆದರೆ ಮಾಲೀಕನು ಸಾಲವಾಗಿ ಅಲ್ಲದೆ ಬಂಡವಾಳವಾಗಿಯೋ ದಾನವಾಗಿಯೋ ಹಾಕಿದ ಹಣಕ್ಕೆ ಈ ಮಿತಿ ತಾಗುತ್ತಿರಲಿಲ್ಲ, ಪೂರ್ತಿಯಾಗಿ ಸಂಬಳಕ್ಕೆ ಹೋಗಬಹುದಿತ್ತು. ಅಂದರೆ ಮಾಲೀಕ ಹಣ ಹಾಕುತ್ತಿರುವವರೆಗೆ ಮಿತಿಯೇ ಇಲ್ಲ. ಅವನು ನಿಲ್ಲಿಸಿದ ದಿನ, ಎರಡು ಮೂರು ವರ್ಷಗಳ ಒಪ್ಪಂದದ ಮೇಲೆ ತಂದ ಆಟಗಾರರ ಸಂಬಳದ ಹೊರೆ ಮಾತ್ರ ಕ್ಲಬ್‌ನ ತಲೆಯ ಮೇಲೆ. ಲೀಗ್ ನೇಮಿಸಿದ ವಕೀಲ ಜೊನಾಥನ್ ಟೇಲರ್ 2020ರಲ್ಲಿ ಕೊಟ್ಟ ವಿಮರ್ಶಾ ವರದಿ ಬೆಟ್ಟುಮಾಡಿದ್ದು ಮುಖ್ಯವಾಗಿ ಇದನ್ನೇ: ಗಳಿಕೆಯನ್ನು ಮೀರಿದ ಖರ್ಚು, ಒಬ್ಬ ಮಾಲೀಕನ ಮೇಲೆ ನಿಂತ ಬದುಕು.

ಡೇ ಅವರ ಹಣವಾದರೂ ಸ್ವಂತದ್ದಾಗಿತ್ತೇ ಎಂದರೆ ಅಲ್ಲಿಯೂ ಎರವಲೇ. ಕ್ಲಬ್ ಬೆಲೆಬಾಳುವಂಥದ್ದು ಏನಾದರೂ ಹೊಂದಿದ್ದರೆ ಅದು ಗಿಗ್ ಲೇನ್ ಮಾತ್ರ. ಅದನ್ನು ಅಡವಿಟ್ಟು ದುಬಾರಿ ಬಡ್ಡಿಗೆ ಸಾಲ ಕೊಡುವ ಸಂಸ್ಥೆಯೊಂದರಿಂದ ಹಣ ಎತ್ತಲಾಯಿತು. ಅಷ್ಟೂ ಸಾಲದೆ ಮೈದಾನದ ವಾಹನ ನಿಲುಗಡೆ ಜಾಗವನ್ನು ತುಂಡುತುಂಡಾಗಿ ಸಣ್ಣ ಹೂಡಿಕೆದಾರರಿಗೆ ಮಾರಿದರು. ಪ್ರತಿ ಕಾರಿನ ಜಾಗಕ್ಕೂ ಒಬ್ಬ ಗುತ್ತಿಗೆದಾರ, ಅವನಿಗೆ ವರ್ಷಕ್ಕಿಷ್ಟು ಆದಾಯದ ಭರವಸೆ! ಅರ್ಲ್ 1922ರಲ್ಲಿ ಕೊಟ್ಟ ನೆಲದ ಮೇಲೆ ಎಷ್ಟು ಜನರ ಹಕ್ಕು ಹತ್ತಿ ಕುಳಿತಿದೆ ಎಂಬುದು ಪಂದ್ಯ ನೋಡಲು ಬಂದು ಅಲ್ಲೇ ಕಾರು ನಿಲ್ಲಿಸುತ್ತಿದ್ದವರಿಗೆ ಗೊತ್ತಿರಲಿಲ್ಲ.

ಒಂದು ಪೌಂಡ್

2018ರಲ್ಲಿ ಬೆರಿ ಕೊನೆಯ ಸ್ಥಾನ ಪಡೆದು ಲೀಗ್ ಟೂಗೆ ಇಳಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡೇ ಕ್ಲಬ್ಬನ್ನು ಸ್ಟೀವ್ ಡೇಲ್ ಎಂಬ ಉದ್ಯಮಿಗೆ ಮಾರಿದರು. ಬೆಲೆ ಒಂದು ಪೌಂಡ್. ಸಾಲ ಸಮೇತ ಕೊಟ್ಟದ್ದರಿಂದ ಆ ಒಂದು ಪೌಂಡ್ ಕೂಡ ಹೆಚ್ಚೇ ಎನ್ನಬಹುದು. ಕೆಲವೇ ವಾರಗಳಲ್ಲಿ, 2019ರ ಆರಂಭದಲ್ಲಿ, ಡೇ ಅವರ ಮೆಡರ್ಕೊ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕ್ಲಬ್ಬಿಗೆ ಹಣ ಹರಿಯುತ್ತಿದ್ದ ಕೊಳವೆ ಅಲ್ಲಿಗೆ ಒಣಗಿತು.

ಡೇಲ್ ಫುಟ್‌ಬಾಲ್ ಪ್ರೇಮಿಯಲ್ಲ. ಮುಂದೆ ಬಿಬಿಸಿ ರೇಡಿಯೊದಲ್ಲಿ ಮಾತಾಡುತ್ತ, ಬೆರಿ ಎಂಬ ಫುಟ್‌ಬಾಲ್ ತಂಡವಿದೆ ಎಂಬುದೇ ತನಗೆ ಗೊತ್ತಿರಲಿಲ್ಲ ಎಂದರು. ಈ ಮಾತಿಗೆ ಅಭಿಮಾನಿಗಳು ಕೆರಳಿದರು. ನನಗೆ ಈ ಮಾತಿಗಿಂತ ಹೆಚ್ಚು ಕಳವಳ ತರುವುದು ಅದರ ಹಿಂದಿನ ವ್ಯವಸ್ಥೆ. ಲೀಗ್‌ನಲ್ಲಿ ಮಾಲೀಕರಿಗೂ ನಿರ್ದೇಶಕರಿಗೂ ಒಂದು ಅರ್ಹತಾ ಪರೀಕ್ಷೆ ಇತ್ತು. ಅದು ಕೇಳುತ್ತಿದ್ದುದು ನಿಮಗೆ ಇಂಥ ಶಿಕ್ಷೆಯಾಗಿದೆಯೇ, ನೀವು ಇಂಥ ರೀತಿಯಲ್ಲಿ ದಿವಾಳಿಯೆದ್ದಿದ್ದೀರಾ ಎಂಬಂಥ ಪ್ರಶ್ನೆಗಳನ್ನು. ಈ ಕ್ಲಬ್ಬನ್ನು ನಡೆಸಲು ನಿಮ್ಮ ಬಳಿ ಹಣ ಎಲ್ಲಿದೆ ಎಂಬ ಪ್ರಶ್ನೆಯೂ ಇತ್ತು, ಆದರೆ ಅದಕ್ಕೆ ಉತ್ತರ ಕೊಡುವ ಮೊದಲೇ ಖರೀದಿ ಮುಗಿಸಬಹುದಿತ್ತು. ಡೇಲ್ ಹಾಗೆಯೇ ಮಾಡಿದರು. ಹಣದ ಮೂಲ ಮತ್ತು ಪ್ರಮಾಣದ ಪುರಾವೆಯನ್ನು ಲೀಗ್ ಮತ್ತೆ ಮತ್ತೆ ಕೇಳಿತು, ತೃಪ್ತಿಕರ ಉತ್ತರ ಸಿಗಲಿಲ್ಲ. ಅಷ್ಟು ಹೊತ್ತಿಗೆ ಕೀಲಿಕೈ ಅವರ ಬಳಿಯಿತ್ತು. ಲೀಗ್‌ಗೆ ಉಳಿದಿದ್ದ ಅಸ್ತ್ರಗಳೆಂದರೆ ಹೊಸ ಆಟಗಾರರನ್ನು ಕೊಳ್ಳದಂತೆ ನಿರ್ಬಂಧ, ಅಂಕ ಕಡಿತ, ಕೊನೆಗೆ ಉಚ್ಚಾಟನೆ. ಮೂರೂ ತಾಗುವುದು ಕ್ಲಬ್ಬಿಗೆ. ಮಾಲೀಕನ ಕೂದಲು ಕೊಂಕುವುದಿಲ್ಲ.

ಇಷ್ಟರ ನಡುವೆ ತಂಡ ಅದ್ಭುತವಾಗಿ ಆಡುತ್ತಿತ್ತು. ತರಬೇತುದಾರ ರಯಾನ್ ಲೋ ಸ್ವತಃ ಬೆರಿಯ ಹಳೆಯ ಗೋಲುಗಾರ. ಅವರ ತಂಡದಲ್ಲಿ ನಿಕಿ ಮೇನಾರ್ಡ್, ಡ್ಯಾನಿ ಮೇಯರ್, ಜೇ ಒಶೇ ಇದ್ದರು. ಎದುರಾಳಿ ಎಷ್ಟು ಹೊಡೆದರೂ ನಾವು ಒಂದು ಹೆಚ್ಚು ಹೊಡೆಯುತ್ತೇವೆ ಎಂಬ ಧಾಟಿಯ ಆಟ. ಸಂಬಳ ತಡವಾಗತೊಡಗಿತು, ಆಮೇಲೆ ಬರುವುದೇ ನಿಂತಿತು. ಆಟಗಾರರು ಆಡುತ್ತಲೇ ಇದ್ದು ಎರಡನೇ ಸ್ಥಾನದೊಂದಿಗೆ ಬಡ್ತಿ ಗಿಟ್ಟಿಸಿದರು. ಆಟಗಾರರಿಗಾದರೂ ಸಂಘವಿದೆ, ಮಾರುಕಟ್ಟೆಯಿದೆ. ಕಚೇರಿಯ ಗುಮಾಸ್ತರು, ಮೈದಾನದ ಹುಲ್ಲು ನೋಡಿಕೊಳ್ಳುವವರು, ಟಿಕೆಟ್ ಕೌಂಟರಿನವರು ಸಂಬಳವಿಲ್ಲದೆ ಕೆಲಸಕ್ಕೆ ಬರುತ್ತಿದ್ದುದು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಜೂನ್‌ನಲ್ಲಿ ಲೋ ಪ್ಲಿಮತ್ ಕ್ಲಬ್‌ಗೆ ಹೋದರು. ಆಟಗಾರರೂ ಒಬ್ಬೊಬ್ಬರಾಗಿ ಚದುರಿದರು.

ಜುಲೈನಲ್ಲಿ ಸಾಲ ಕೊಟ್ಟವರೊಡನೆ ಒಂದು ರಾಜಿಯಾಯಿತು. ಇದರಲ್ಲಿ ಇಂಗ್ಲಿಷ್ ಫುಟ್‌ಬಾಲ್‌ನ ಒಂದು ವಿಚಿತ್ರ ನಿಯಮ ಕಾಣುತ್ತದೆ. ಕ್ಲಬ್ ದಿವಾಳಿಯಾದರೆ ಲೀಗ್‌ನಲ್ಲಿ ಉಳಿಯಲು ಆಟಗಾರರ ಬಾಕಿ, ಬೇರೆ ಕ್ಲಬ್‌ಗಳ ಬಾಕಿಯನ್ನು ಪೂರ್ತಿಯಾಗಿ ತೀರಿಸಲೇಬೇಕು. ಮಿಕ್ಕವರಿಗೆ, ಅಂದರೆ ತೆರಿಗೆ ಇಲಾಖೆಯಿಂದ ಹಿಡಿದು ಊರಿನ ಸಣ್ಣ ವ್ಯಾಪಾರಿಗಳವರೆಗೆ, ಉಳಿದದ್ದರಲ್ಲಿ ಪಾಲು. ಬೆರಿಯ ರಾಜಿಯಲ್ಲಿ ಅವರಿಗೆ ಸಿಗಬೇಕಿದ್ದುದು ಪೌಂಡಿಗೆ 25 ಪೆನ್ಸ್, ಅಂದರೆ ಬಾಕಿಯ ಕಾಲುಭಾಗ. ಆಟದ ಕುಟುಂಬ ತನ್ನವರನ್ನು ಮೊದಲು ನೋಡಿಕೊಳ್ಳುತ್ತದೆ, ಊರು ಆಮೇಲೆ. ಈ ರಾಜಿಯ ದಂಡವಾಗಿ ಹೊಸ ಋತುವನ್ನು ಬೆರಿ ಮೈನಸ್ 12 ಅಂಕಗಳಿಂದ ಆರಂಭಿಸಬೇಕಾಯಿತು. ರಾಜಿಯ ಹಣವಾದರೂ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಪುರಾವೆ ಬರಲಿಲ್ಲ. ಲೀಗ್ ಬೆರಿಯ ಆರಂಭದ ಪಂದ್ಯಗಳನ್ನು ಒಂದೊಂದಾಗಿ ತಡೆಹಿಡಿಯಿತು.

ಆಗಸ್ಟ್ 27

ಗಡುವು ಮೊದಲು ಆಗಸ್ಟ್ 23ಕ್ಕಿತ್ತು. ಕೊನೆಯ ಗಳಿಗೆಯಲ್ಲಿ ಸಿ ಆ್ಯಂಡ್ ಎನ್ ಸ್ಪೋರ್ಟಿಂಗ್ ರಿಸ್ಕ್ ಎಂಬ ಸಂಸ್ಥೆ ಕೊಳ್ಳಲು ಮುಂದೆ ಬಂದದ್ದರಿಂದ 27ರ ಸಂಜೆ ಐದಕ್ಕೆ ಮುಂದೂಡಿದರು. ಕ್ಲಬ್‌ನ ಮಾಜಿ ನಿರ್ದೇಶಕಿಯೊಬ್ಬರು ಮೈದಾನದ ಗೋಡೆಯ ನೀರಿನ ಕೊಳವೆಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಪ್ರತಿಭಟಿಸಿದರು. 27ರಂದು ನೂರಾರು ಜನ ಪೊರಕೆ, ಬಕೆಟ್ಟು, ಬಣ್ಣದ ಡಬ್ಬಿ ಹಿಡಿದು ಗಿಗ್ ಲೇನ್‌ಗೆ ಬಂದರು. ಶನಿವಾರ ಪಂದ್ಯ ನಡೆಯಬಹುದೆಂಬ ಆಸೆಯಲ್ಲಿ ಆಸನ ಒರೆಸಿದರು, ಕಳೆ ಕಿತ್ತರು. ಅವರು ಗುಡಿಸುತ್ತಿರುವಾಗಲೇ ಕೊಳ್ಳಲು ಬಂದ ಸಂಸ್ಥೆ ಹಿಂದೆ ಸರಿಯಿತು. ಕ್ಲಬ್‌ನ ವ್ಯವಹಾರ, ಅದರಲ್ಲೂ ಗಿಗ್ ಲೇನ್ ಮೇಲಿದ್ದ ಸಾಲದ ತೊಡಕು, ನಾಲ್ಕು ದಿನದಲ್ಲಿ ಬಿಡಿಸುವಂಥದ್ದಾಗಿರಲಿಲ್ಲ.

ನೆರೆಯ ಬೋಲ್ಟನ್ ವಾಂಡರರ್ಸ್ ಕೂಡ ಅದೇ ವಾರ ಅದೇ ಅಂಚಿನಲ್ಲಿ ನಿಂತಿತ್ತು. ಅದರ ಸಾಲ ಬೆರಿಗಿಂತ ದೊಡ್ಡದು, ಸೋಲೂ ದೊಡ್ಡದು. ಅದಕ್ಕೆ ಹದಿನಾಲ್ಕು ದಿನದ ಗಡುವು ಸಿಕ್ಕಿತು, ಮರುದಿನ 28ರಂದು ಹೊಸ ಮಾಲೀಕರು ಬಂದರು, ಬದುಕಿತು. ಲೀಗ್ ತಾರತಮ್ಯ ಮಾಡಿತು ಎಂದು ಬೆರಿಯವರು ಇಂದಿಗೂ ದೂರುತ್ತಾರೆ. ಅದು ನನಗೆ ಅಷ್ಟಾಗಿ ಒಪ್ಪಿಗೆಯಾಗದ ದೂರು. ಬೋಲ್ಟನ್ ಆಗಲೇ ದಿವಾಳಿ ಪ್ರಕ್ರಿಯೆಯಲ್ಲಿತ್ತು. ಮಾರುವ ಅಧಿಕಾರ ನ್ಯಾಯಾಲಯದ ಮೇಲ್ವಿಚಾರಣೆಯ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. ಬೆರಿಯನ್ನು ಮಾರಬಹುದಾಗಿದ್ದ ವ್ಯಕ್ತಿ ಒಬ್ಬನೇ, ಮಾರುವ ಹೊತ್ತನ್ನು ಆರಿಸಿಕೊಳ್ಳುವ ಹಕ್ಕೂ ಅವನದೇ. ಕೆಟ್ಟ ಮಾಲೀಕನಿಗಿಂತ ಮಾಲೀಕನಿಲ್ಲದಿರುವುದೇ ಆ ವಾರ ಒಂದು ಕ್ಲಬ್ಬನ್ನು ಉಳಿಸಿತು.

ಲೀಗ್ ಒನ್ ಆ ವರ್ಷ 23 ತಂಡಗಳೊಂದಿಗೆ ನಡೆಯಿತು. ಮುಂದಿನ ವರ್ಷ ಲೀಗ್ ಟೂಗೆ ಸೇರಿಸಿಕೊಳ್ಳಿ ಎಂಬ ಬೆರಿಯ ಮನವಿಯನ್ನು ಉಳಿದ ಕ್ಲಬ್‌ಗಳು ಒಪ್ಪಲಿಲ್ಲ. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿ ಲೀಗ್‌ನ ವ್ಯವಸ್ಥೆಯ ವೈಫಲ್ಯವನ್ನು ಟೀಕಿಸಿತು. 2020ರ ನವೆಂಬರ್‌ನಲ್ಲಿ ಕಂಪನಿ ಕೊನೆಗೂ ಆಡಳಿತಾಧಿಕಾರಿಗಳ ಕೈ ಸೇರಿತು. ಅಷ್ಟು ಹೊತ್ತಿಗೆ ಮಾರಲು ತಂಡ ಇರಲಿಲ್ಲ, ನೆಲ ಮತ್ತು ಹೆಸರು ಇದ್ದವು.

ಒಂದು ಊರು, ಎರಡು ಬೆರಿ

ಉಚ್ಚಾಟನೆಯ ಭಾಗವನ್ನು ಪತ್ರಿಕೆಗಳು ಚೆನ್ನಾಗಿಯೇ ಬರೆದಿವೆ. ಅದರ ನಂತರದ ನಾಲ್ಕು ವರ್ಷಗಳ ಕಡೆಗೆ ಅಷ್ಟು ಗಮನ ಹೋಗಲಿಲ್ಲ. ಕ್ಲಬ್ ಎಂದರೆ ಏನು ಎಂಬ ಪ್ರಶ್ನೆಯನ್ನು ಕಾಲೇಜಿನ ಚರ್ಚಾಸ್ಪರ್ಧೆಯಂತಲ್ಲದೆ ಮತಪೆಟ್ಟಿಗೆಯಲ್ಲಿ ಬಗೆಹರಿಸಿಕೊಳ್ಳಬೇಕಾಗಿ ಬಂದ ಊರು ಇದು.

ಒಂದು ಗುಂಪು ಬೇಗ ಎದ್ದಿತು. ಹಳೆಯ ಕಂಪನಿ ಹೋಯಿತು, ಆಟ ನಿಲ್ಲಬಾರದು ಎಂದು ಬೆರಿ ಎಎಫ್‌ಸಿ ಎಂಬ ಹೊಸ ಕ್ಲಬ್ ಕಟ್ಟಿತು. ಸದಸ್ಯರದೇ ಒಡೆತನ, ತಲೆಗೊಂದು ಮತ. 2020ರಲ್ಲಿ ಹತ್ತನೇ ಹಂತದ ನಾರ್ತ್ ವೆಸ್ಟ್ ಕೌಂಟೀಸ್ ಲೀಗ್‌ನಲ್ಲಿ ಆಡಲು ಶುರುಮಾಡಿತು. ಮೈದಾನ ತನ್ನದಲ್ಲ, ಪಕ್ಕದ ರ್‍ಯಾಡ್‌ಕ್ಲಿಫ್ ಕ್ಲಬ್‌ನ ಸ್ಟೇಂಟನ್ ಪಾರ್ಕ್‌ನಲ್ಲಿ ಬಾಡಿಗೆಗೆ. ಕೋವಿಡ್ ಮೊದಲ ಋತುವನ್ನು ನುಂಗಿತು. ಎರಡನೆಯದರಲ್ಲಿ, 2022ರಲ್ಲಿ, ಅದು ಚಾಂಪಿಯನ್ ಆಗಿ ಒಂಬತ್ತನೇ ಹಂತಕ್ಕೆ ಏರಿತು.

ಇನ್ನೊಂದು ಗುಂಪಿಗೆ ಇದು ಹಿಡಿಸಲಿಲ್ಲ. ಅವರ ವಾದ: ಬೆರಿ ಸತ್ತಿಲ್ಲ, ಕಂಪನಿ ಕಾನೂನಿನ ಕಣ್ಣಿನಲ್ಲಿ ಇನ್ನೂ ಇದೆ, ಗಿಗ್ ಲೇನ್ ನಿಂತಿದೆ. ಹೊಸ ಕ್ಲಬ್ ಕಟ್ಟುವುದೆಂದರೆ ಹಳೆಯದರ ತಿಥಿಯೂಟ ಉಂಡಂತೆ. 1885ರ ಇತಿಹಾಸ, ಎರಡು ಎಫ್‌ಎ ಕಪ್, ಆ ಬಿಳಿ ಅಂಗಿ, ಎಲ್ಲವೂ ಹೆಸರಿಗೂ ನೆಲಕ್ಕೂ ಅಂಟಿಕೊಂಡಿವೆ. ಅವನ್ನು ಬಿಟ್ಟು ಬಾಡಿಗೆ ಮೈದಾನದಲ್ಲಿ ಆಡುವ ತಂಡ ಯಾವುದೋ ತಂಡ, ನಮ್ಮದಲ್ಲ. ಇವರು ಎಸ್ಟ್ 1885 ಎಂಬ ಹೆಸರಿನಲ್ಲಿ ಸಂಘಟಿತರಾಗಿ 2022ರ ಫೆಬ್ರವರಿಯಲ್ಲಿ ಆಡಳಿತಾಧಿಕಾರಿಗಳಿಂದ ಗಿಗ್ ಲೇನ್ ಮತ್ತು ಕ್ಲಬ್‌ನ ಹೆಸರು, ಇತಿಹಾಸದ ಹಕ್ಕುಗಳನ್ನು ಕೊಂಡರು. ಸಮುದಾಯಗಳು ತಮ್ಮೂರಿನ ಆಸ್ತಿ ಉಳಿಸಿಕೊಳ್ಳಲೆಂದು ಇಟ್ಟಿದ್ದ ನಿಧಿಯಿಂದ ಸರ್ಕಾರ 10 ಲಕ್ಷ ಪೌಂಡ್ ಕೊಟ್ಟಿತು. ಅಮೆರಿಕದಲ್ಲಿದ್ದ ಒಬ್ಬ ಅಭಿಮಾನಿ ದೊಡ್ಡ ಮೊತ್ತ ಕೊಟ್ಟರು. ಬೆರಿ ನಗರಸಭೆ 4.5 ಲಕ್ಷ ಪೌಂಡ್ ಕೊಡುವುದಾಗಿ ಹೇಳಿತು, ಆದರೆ ಮೊದಲು ನೀವು ಒಂದಾಗಿ ಎಂಬುದು ಅದರ ಅಪೇಕ್ಷೆ.

ಹೀಗೆ ಒಂದು ಕಡೆ ತಂಡವಿದೆ, ಮೈದಾನವಿಲ್ಲ. ಇನ್ನೊಂದು ಕಡೆ ಮೈದಾನವಿದೆ, ತಂಡವಿಲ್ಲ. ಹೊರಗಿನಿಂದ ನೋಡಿದವರಿಗೆ ನಗು ಬರುವಂಥ ಜಗಳ. 2022ರ ಅಕ್ಟೋಬರ್‌ನಲ್ಲಿ ಎರಡೂ ಕಡೆ ಮತದಾನವಾಯಿತು. ಬೆರಿ ಎಎಫ್‌ಸಿಯ ಸದಸ್ಯರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ವಿಲೀನಕ್ಕೆ ಒಪ್ಪಿದರು. ಗಿಗ್ ಲೇನ್ ಕಡೆಯ ಅಭಿಮಾನಿ ಸಂಘದಲ್ಲಿ ಶೇ 63 ಮತ ಬಂತು. ಬೇಕಿದ್ದುದು ಶೇ 66. ಮೂರು ಅಂಶದ ಕೊರತೆಯಿಂದ ವಿಲೀನ ಬಿದ್ದುಹೋಯಿತು.

ಆ ಶೇ 37ರಷ್ಟು ಮಂದಿಯನ್ನು ಹಟಮಾರಿಗಳೆಂದು ಆಗ ಹಲವರು ಬೈದರು. ಅವರ ಭಯಕ್ಕೆ ಆಧಾರವಿಲ್ಲದಿರಲಿಲ್ಲ ಎಂದು ನನ್ನ ಅನಿಸಿಕೆ. ಮೈದಾನದ ಒಡೆತನ ಯಾರ ಕೈಗೆ ಹೋಗುತ್ತದೆ, ಅದನ್ನು ಯಾರು ಯಾವ ಸಾಲಕ್ಕೆ ಒತ್ತೆಯಿಡಬಹುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಸಹಿ ಹಾಕಿದ್ದರ ಫಲವನ್ನು ಅವರು ಆಗಷ್ಟೇ ಉಂಡಿದ್ದರು. 2002ರಲ್ಲಿ ಈ ಪ್ರಶ್ನೆಯನ್ನು ಕೇಳದೆ ಮನೆಗೆ ಹೋದ ಜನ 2022ರಲ್ಲಿ ಅಗತ್ಯಕ್ಕಿಂತ ಹೆಚ್ಚೇ ಕೇಳಿದರು. ಮತ್ತೊಂದು ಸುತ್ತಿನ ಮಾತುಕತೆ ನಡೆದು 2023ರ ಮೇ ತಿಂಗಳಲ್ಲಿ ಎರಡನೇ ಮತದಾನದಲ್ಲಿ ವಿಲೀನ ಗೆದ್ದಿತು. ಫುಟ್‌ಬಾಲ್ ಅಸೋಸಿಯೇಷನ್ ಬೆರಿ ಫುಟ್‌ಬಾಲ್ ಕ್ಲಬ್ ಎಂಬ ಹಳೆಯ ಹೆಸರಿನಲ್ಲಿ ಆಡಲು ಅನುಮತಿ ಕೊಟ್ಟಿತು. ಆ ಬೇಸಿಗೆಯಲ್ಲೇ, ನಾಲ್ಕು ವರ್ಷಗಳ ನಂತರ, ಗಿಗ್ ಲೇನ್ ಬಾಗಿಲು ಲೀಗ್ ಆಟಕ್ಕೆ ತೆರೆಯಿತು.

ಒಂಬತ್ತನೇ ಹಂತದ ಫುಟ್‌ಬಾಲ್ ಪಂದ್ಯಕ್ಕೆ ಸಾಮಾನ್ಯವಾಗಿ ಕೆಲವು ನೂರು ಜನ ಬರುತ್ತಾರೆ, ಆಟಗಾರರಿಗೆ ಬೇರೆ ಉದ್ಯೋಗವಿರುತ್ತದೆ. ಬೆರಿಯ ಪಂದ್ಯಗಳಿಗೆ ಸಾವಿರಗಟ್ಟಲೆ ಜನ ಬಂದರು. ಎದುರಾಳಿ ಕ್ಲಬ್‌ಗಳಿಗೆ ಬೆರಿ ತಮ್ಮೂರಿಗೆ ಬರುವ ದಿನವೆಂದರೆ ವರ್ಷದ ದೊಡ್ಡ ವಸೂಲಿಯ ದಿನ. ಮೊದಲ ಯತ್ನದಲ್ಲಿ ಬಡ್ತಿ ಕೈತಪ್ಪಿತು. 2025ರ ಏಪ್ರಿಲ್‌ನಲ್ಲಿ ಋತುವಿನ ಕೊನೆಯ ಪಂದ್ಯ, ಬರ್ಸ್ಕೋ ವಿರುದ್ಧ, ಪ್ರಶಸ್ತಿ ನಿರ್ಧಾರವಾಗಬೇಕಿದ್ದುದು ಅಂದೇ. ಎಂಟು ಸಾವಿರಕ್ಕೂ ಹೆಚ್ಚು ಜನ ಗಿಗ್ ಲೇನ್‌ನಲ್ಲಿ ತುಂಬಿದ್ದರು. ಲೀಗ್ ಟೂನಿಂದ ಬಡ್ತಿ ಪಡೆದ ಆ 2019ರ ತಂಡವನ್ನು ನೋಡಲು ಸರಾಸರಿ ಬರುತ್ತಿದ್ದವರ ಎರಡರಷ್ಟು. ಬೆರಿ ಚಾಂಪಿಯನ್ ಆಗಿ ಎಂಟನೇ ಹಂತಕ್ಕೆ, ನಾರ್ದರ್ನ್ ಪ್ರೀಮಿಯರ್ ಲೀಗ್‌ಗೆ, ಏರಿತು. 2019ರದ್ದರಂತಲ್ಲ, ಈ ಸಲದ ಬಡ್ತಿಯ ಬಿಲ್ಲು ಯಾರ ಸಾಲದ ಪುಸ್ತಕದಲ್ಲೂ ಬರೆದಿರಲಿಲ್ಲ.

ಕಾನೂನು

ಬೆರಿಯ ಕುಸಿತ, ಕೋವಿಡ್, ತಮಗಾಗಿಯೇ ಪ್ರತ್ಯೇಕ ಲೀಗ್ ಕಟ್ಟಿಕೊಳ್ಳಲು ಹೊರಟ ದೊಡ್ಡ ಕ್ಲಬ್‌ಗಳ ಯುರೋಪಿಯನ್ ಸೂಪರ್ ಲೀಗ್ ಸಾಹಸ: ಈ ಮೂರು ಸೇರಿ ಬ್ರಿಟನ್ ಸರ್ಕಾರವನ್ನು ಎಬ್ಬಿಸಿದವು. ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದ ಅಭಿಮಾನಿ ಕೇಂದ್ರಿತ ಪರಾಮರ್ಶೆ 2021ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕರು ಬೇಕು ಎಂಬುದು ಅದರ ಮುಖ್ಯ ಸಲಹೆ. ಸರ್ಕಾರ ಬದಲಾಯಿತು, ಮಸೂದೆ ಒಮ್ಮೆ ಚುನಾವಣೆಗೆ ಸಿಕ್ಕಿ ಬಿದ್ದುಹೋಗಿ ಮತ್ತೆ ಮಂಡನೆಯಾಯಿತು, 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಯಾಯಿತು. ಕ್ಲಬ್‌ಗಳು ಪರವಾನಗಿ ಪಡೆಯಬೇಕು. ಮಾಲೀಕ ಕೊಳ್ಳುವ ಮೊದಲೇ ಹಣದ ಮೂಲ ತೋರಿಸಬೇಕು. ಮೈದಾನವನ್ನು ಮಾರಬೇಕಾದರೂ ಸಾಲಕ್ಕೆ ಒತ್ತೆಯಿಡಬೇಕಾದರೂ ನಿಯಂತ್ರಕರ ಒಪ್ಪಿಗೆ ಬೇಕು. ಡೇ ಮತ್ತು ಡೇಲ್ ಅವರ ಕಾಲದಲ್ಲಿ ಬೆರಿಯಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಬರೆದಂತಿರುವ ಕಲಮುಗಳಿವು.

ಈ ಕಾಯ್ದೆ ಅನ್ವಯಿಸುವುದು ಪುರುಷರ ಫುಟ್‌ಬಾಲ್‌ನ ಮೇಲಿನ ಐದು ಹಂತಗಳ 116 ಕ್ಲಬ್‌ಗಳಿಗೆ. ಅದು ಕಾನೂನಾದ ದಿನ ಬೆರಿ ಎಂಟನೇ ಹಂತದಲ್ಲಿತ್ತು. ಅದರ ರಕ್ಷಣೆಯೊಳಗೆ ಬರಬೇಕಾದರೆ ಬೆರಿ ಆಗ ಇನ್ನೂ ಮೂರು ಬಡ್ತಿ ಗೆಲ್ಲಬೇಕಿತ್ತು. ಅಲ್ಲಿಯವರೆಗೆ ಗಿಗ್ ಲೇನ್ ಮತ್ತೆ ಯಾರ ಒತ್ತೆಗೂ ಹೋಗದಂತೆ ಕಾಯುವ ಕೆಲಸ ಸದಸ್ಯರ ಮತಗಳದು. ಆ ಮೂರು ಬಡ್ತಿಗಳಿಗೆ ಬೇಕಾದ ಆಟಗಾರರ ಸಂಬಳವನ್ನು ಹೊಂದಿಸಬೇಕಾದವರೂ ಅವರೇ.